ಮಾಯೆಯೆಂಬ ಹೆಸರು ಯಾರದು?

ಧರ್ಮಗ್ರಂಥಗಳಲ್ಲಿ ಬರುವ ಸ್ತ್ರೀಯರಲ್ಲಿ ಕೆಲವರ ಹೆಸರನ್ನು ತಾಯಿತಂದೆಗಳು ಆಸೆಯಿಂದ ತಮ್ಮ ಹೆಣ್ಣುಮಕ್ಕಳಿಗೆ ಇಡುತ್ತಾರೆ. ಮತ್ತೆ ಕೆಲವರ ಹೆಸರನ್ನು ಮರೆತೂ ಇಡುವುದಿಲ್ಲ. ಮಹಾದೇವಿ, ನೀಲಮ್ಮ, ಲಕ್ಕಮ್ಮ ಎಂಬ ಹೆಸರುಗಳು ಲಿಂಗವಂತರ ಮನೆಮನೆಗಳಲ್ಲಿ ಉಂಟು. ಅಮೃತಮತಿ ಎಂಬ ಹೆಸರು ಅರ್ಥದಲ್ಲಿ ಎಷ್ಟು ಸವಿಯಾದರೂ ತೊಟ್ಟಿಲ ಬಳಿ ಕೇಳಿಬರುವುದು ಅಪರೂಪ. ಕ್ರೈಸ್ತ ದೇಶಗಳಲ್ಲಿ ಮರಿಯ ಎಂಬ ಹೆಸರಿಗೆ ಲೆಕ್ಕವಿಲ್ಲ. ಈಜೆಬೆಲ್ ಎಂಬ ಹೆಸರಾದರೋ ಇಂಗ್ಲಿಷ್ ಭಾಷೆಯಲ್ಲಿ ನಾಚಿಕೆಗೆಟ್ಟ ಹೆಣ್ಣನ್ನು ಬಯ್ಯುವ ಮಾತಾಗಿಹೋಗಿದೆ. ಒಂದು ಜನಾಂಗದ ನೀತಿಪ್ರಜ್ಞೆಯು ಅದು ಯಾರನ್ನು ಹೊಗಳುತ್ತದೆ ಎಂಬುದರಿಂದ ಎಷ್ಟು ತಿಳಿಯುವುದೋ, ಯಾರನ್ನು ತೆಗಳುತ್ತದೆ, ತೆಗಳುವಾಗ ಎಷ್ಟು ಸತ್ಯವನ್ನು ಉಳಿಸಿಕೊಳ್ಳುತ್ತದೆ ಎಂಬುದರಿಂದಲೂ ಅಷ್ಟೇ ತಿಳಿಯುವುದು.

ಇಲ್ಲಿ ವಿಚಾರಿಸತಕ್ಕ ಪ್ರಶ್ನೆ ಇದು: ಗ್ರಂಥದಲ್ಲಿ ಒಬ್ಬ ಸ್ತ್ರೀಗೆ ಅಪಕೀರ್ತಿ ಬಂದಿದ್ದರೆ, ಅದರಲ್ಲಿ ಆಕೆಯ ಕರ್ಮವೆಷ್ಟು, ಹೇಳಿದವರ ನಾಲಗೆಯ ಪಾಲೆಷ್ಟು? ಇದು ಕೇವಲ ಪಂಡಿತರ ಪ್ರಶ್ನೆಯೆಂದು ಸದ್ಭಕ್ತರು ತಿಳಿಯಬಾರದು. ಶ್ರಾವಣಮಾಸದಲ್ಲಿ ಗುಂಡಗುರ್ತಿ, ಮಳಖೇಡ, ಸೇಡಂ, ಚಿಂಚೋಳಿ ಕಡೆಯ ಊರುಗಳಲ್ಲಿ ಪುರಾಣ ನಡೆಯುವಾಗ ಕೇಳಲು ಕುಳಿತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾಯಂದಿರೇ ಇರುವುದುಂಟು. ಕೆಟ್ಟ ಹೆಣ್ಣಿನ ಕಥೆಯನ್ನು ಅವರು ಕೇಳುವ ಬಗೆ ಬೇರೆ, ಗಂಡಸರು ಕೇಳುವ ಬಗೆ ಬೇರೆ. ಗಂಡಸರಿಗೆ ಅದು ಎಚ್ಚರಿಕೆಯ ಮಾತು. ಅವರಿಗಾದರೋ ತಮ್ಮ ಮೇಲಣ ದೂರು.

ಮೊದಲು ದೂರದ ಉದಾಹರಣೆಗಳನ್ನು ನೋಡುವುದು ಒಳ್ಳೆಯದು. ತನ್ನ ಮನೆಯ ಕಸಕ್ಕಿಂತ ನೆರೆಮನೆಯ ಕಸ ಬೇಗ ಕಾಣುವುದು ಲೋಕಸ್ವಭಾವ; ಕಣ್ಣಿಗೆ ಅಲ್ಲಿ ಅಭ್ಯಾಸವಾದರೆ ಆಮೇಲೆ ಇಲ್ಲಿಯೂ ಕಾಣಬಹುದು. ಯೆಹೂದ್ಯರ ಮತ್ತು ಕ್ರೈಸ್ತರ ಧರ್ಮಗ್ರಂಥವಾದ ಬೈಬಲ್ಲು ಕನ್ನಡಿಗರಿಗೆ ಹೊಸದೇನಲ್ಲ. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಪಾದ್ರಿಗಳ ಶ್ರಮದಿಂದ ೧೮೩೧ರಲ್ಲಿಯೇ ಅದು ಸಮಗ್ರವಾಗಿ ಕನ್ನಡದಲ್ಲಿ ದೊರೆಯಿತು. ಅದರಲ್ಲಿ ಆದಿಮಾತೆ ಹವ್ವಳಿಂದ ಮೊದಲ್ಗೊಂಡು ಅಪಕೀರ್ತಿ ಹೊತ್ತ ಸ್ತ್ರೀಯರ ಒಂದು ಸಾಲೇ ಇದೆ. ಹವ್ವಳ ಕಥೆ ಎಲ್ಲರೂ ಬಲ್ಲದ್ದು. ಸರ್ಪದ ಮಾತಿಗೆ ಒಳಗಾಗಿ ನಿಷೇಧಿತ ಫಲವನ್ನು ತಿಂದಳು, ಗಂಡನಿಗೂ ಕೊಟ್ಟಳು. ಆತನು ಆಗ ಆಕೆಯ ಸಂಗಡಲೇ ಇದ್ದನೆಂದು ಮೂಲದಲ್ಲಿ ಹೇಳಿದೆ. ಬೇಡವೆಂದು ಒಂದು ಮಾತನ್ನೂ ಆಡಿದಂತೆ ಕಾಣುವುದಿಲ್ಲ. ದೇವರು ವಿಚಾರಿಸಿದಾಗ ಮಾತ್ರ, ನೀನು ಕೊಟ್ಟ ಹೆಂಗಸೇ ಇದಕ್ಕೆ ಕಾರಣವೆಂದು ಬೆರಳು ಚಾಚಿದನು. ಲೋಕದ ಮೊಟ್ಟಮೊದಲನೆಯ ತಪ್ಪಿನ ಬೆನ್ನಿಗೇ ಮೊಟ್ಟಮೊದಲನೆಯ ನೆವವೂ ಹುಟ್ಟಿತು! ಮುಂದೆ ತಿಮೊಥೆಯನಿಗೆ ಬರೆದ ಪತ್ರದಲ್ಲಿ ಮೋಸಹೋದವಳು ಹೆಂಗಸೇ ಹೊರತು ಆದಾಮನಲ್ಲವೆಂಬ ಮಾತು ಬಂದು, ನೆವವು ಸಿದ್ಧಾಂತವಾಯಿತು.

ದೆಲೀಲಳ ಕಥೆಯಲ್ಲಿ ಇನ್ನೊಂದು ವಿಚಿತ್ರವಿದೆ. ಮಹಾಬಲಶಾಲಿಯಾದ ಸಂಸೋನನು ಆಕೆಯನ್ನು ಪ್ರೀತಿಸಿದನು. ಫಿಲಿಷ್ಟಿಯರ ಪ್ರಭುಗಳು ತಲೆಗೆ ೧೧೦೦ ಬೆಳ್ಳಿನಾಣ್ಯಗಳಂತೆ ಕೊಡುವೆವೆಂದು ಆಕೆಗೆ ಆಸೆ ತೋರಿಸಿದರು; ಆಕೆ ಅವನ ಬಲದ ಗುಟ್ಟು ಕೂದಲಿನಲ್ಲಿದೆಯೆಂದು ತಿಳಿದು, ಅವನು ಮಲಗಿದ್ದಾಗ ಅದನ್ನು ಬೋಳಿಸಿ ಹಿಡಿದುಕೊಟ್ಟಳು. ನಂಬಿದವನಿಗೆ ಎರಡು ಬಗೆದದ್ದು ದೊಡ್ಡ ಪಾಪವೇ ಸರಿ. ಆದರೆ ಅದೇ ಪುಸ್ತಕದಲ್ಲಿ, ಹನ್ನೆರಡು ಅಧ್ಯಾಯಗಳ ಹಿಂದೆ, ಯಾಯೇಲ್ ಎಂಬ ಮತ್ತೊಬ್ಬ ಸ್ತ್ರೀಯ ಕಥೆ ಇದೆ. ಸೋತು ಓಡಿಬಂದ ಸೇನಾಪತಿಯನ್ನು ಆಕೆ ಡೇರೆಯೊಳಗೆ ಕರೆದು, ಹಾಲು ಕುಡಿಸಿ, ಕಂಬಳಿ ಹೊದಿಸಿ ಮಲಗಿಸಿ, ನಿದ್ರೆಯಲ್ಲಿದ್ದವನ ಕಣತಲೆಗೆ ಡೇರೆಯ ಗೂಟವನ್ನು ಹೊಡೆದು ಕೊಂದಳು. ಆಕೆಗೆ ಧನ್ಯಳೆಂಬ ಪ್ರಶಸ್ತಿ ದೊರೆತಿದೆ. ಇಬ್ಬರೂ ನಂಬಿ ಮಲಗಿದವನಿಗೆ ಮೋಸಮಾಡಿದವರೇ. ಒಬ್ಬಳು ಹಗೆಯ ಕಡೆಗೆ ನೆರವಾದಳು, ಒಬ್ಬಳು ತಮ್ಮವರ ಕಡೆಗೆ ನೆರವಾದಳು, ಇಷ್ಟೇ ಭೇದ. ಅಪಕೀರ್ತಿಯು ಯಾವಾಗಲೂ ಕರ್ಮವನ್ನು ಹಿಂಬಾಲಿಸುವುದಿಲ್ಲ; ಕೆಲವು ವೇಳೆ ಹೇಳುವವನ ಪಕ್ಷವನ್ನು ಹಿಂಬಾಲಿಸುವುದು.

ಈಜೆಬೆಲ್ ರಾಣಿಯ ವಿಷಯದಲ್ಲಿ ದಯೆ ತೋರಿಸುವುದು ಕಷ್ಟ. ಸೀದೋನಿನ ಅರಸನ ಮಗಳಾದ ಆಕೆ ಇಸ್ರಾಯೇಲಿನ ಅರಸ ಅಹಾಬನ ಕೈಹಿಡಿದು ಬಂದಳು. ನಾಬೋತನೆಂಬ ಒಕ್ಕಲಿಗನು ತನ್ನ ಪಿತ್ರಾರ್ಜಿತವಾದ ದ್ರಾಕ್ಷೆಯ ತೋಟವನ್ನು ಅರಸನಿಗೆ ಕೊಡಲು ಒಪ್ಪಲಿಲ್ಲ. ಅರಸನು ಮುನಿದು ಊಟಬಿಟ್ಟು ಗೋಡೆಯ ಕಡೆ ಮುಖಮಾಡಿ ಮಲಗಿದನು. ಆಗ ಆಕೆ ಅರಸನ ಮುದ್ರೆಯೊತ್ತಿ ಪತ್ರ ಬರೆದು, ಸುಳ್ಳುಸಾಕ್ಷಿಗಳನ್ನು ನಿಲ್ಲಿಸಿ, ಆ ಬಡವನನ್ನು ಕಲ್ಲೆಸೆದು ಕೊಲ್ಲಿಸಿದಳು. ಹೊಲಮನೆಯ ಆಸೆಗೆ ಸುಳ್ಳುಸಾಕ್ಷಿ ಹೇಳಿಸುವ ಪಾಪದ ಭಾರವೆಷ್ಟೆಂದು ಒಕ್ಕಲುಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ಪ್ರವಾದಿಯಾದ ಎಲೀಯನು ಬಂದು ಕೊಲೆಯ ಅಪವಾದವನ್ನು ಮೊದಲು ಹೊರಿಸಿದ್ದು ತೋಟವನ್ನು ಅನುಭವಿಸಲು ಹೋದ ಅಹಾಬನ ಮೇಲೆ. ಎರಡನೆಯದು, ಲೋಕವು ಇಂದು ಈಜೆಬೆಲ್ ಎಂದರೆ ಭೂಮಿ ಕಸಿದವಳೆಂದು ನೆನೆಯುವುದಿಲ್ಲ. ಬಣ್ಣ ಬಳಿದುಕೊಂಡು ಗಂಡಸರನ್ನು ಮರುಳುಮಾಡುವವಳೆಂದು ನೆನೆಯುತ್ತದೆ. ಇದಕ್ಕೆ ಆಧಾರವೇನೆಂದರೆ, ಸಾಯುವ ದಿನ ಆಕೆ ಕಣ್ಣಿಗೆ ಕಾಡಿಗೆ ಹಚ್ಚಿ ತಲೆ ಬಾಚಿ ಕಿಟಕಿಯಲ್ಲಿ ನಿಂತಳೆಂಬ ಒಂದು ಮಾತು. ಕೆಳಗೆ ಬರುತ್ತಿದ್ದವನು ಯೇಹು. ಆಗತಾನೇ ಆಕೆಯ ಮಗನನ್ನು ಕೊಂದುಬಂದವನು. ಆಕೆ ಅವನನ್ನು ಒಡೆಯನನ್ನು ಕೊಂದವನೇ ಎಂಬರ್ಥದಲ್ಲಿ ಹಂಗಿಸಿ ನುಡಿದಳೆಂದೂ ಅಲ್ಲಿಯೇ ಬರೆದಿದೆ. ಮಗನ ಕೊಲೆಗಾರನನ್ನು ಒಲಿಸಿಕೊಳ್ಳಲು ಹೊರಟವಳು ಹೀಗೆ ನುಡಿಯುವಳೇ? ರಾಣಿಯಾಗಿ ಸಾಯಲು ನಿಶ್ಚಯಿಸಿದ ಹೆಂಗಸೊಬ್ಬಳು ರಾಣಿಯಂತೆ ಅಲಂಕರಿಸಿಕೊಂಡಳೆಂದು ತಿಳಿಯುವುದೇ ಹೆಚ್ಚು ಯುಕ್ತ. ಆಕೆಯ ನಿಜವಾದ ಪಾಪ ಮರೆತುಹೋಗಿ, ಮಾಡದ ಪಾಪ ಹೆಸರಿಗೆ ಅಂಟಿಕೊಂಡಿತು. ಹೆಣ್ಣಿನ ದೋಷವೆಂದರೆ ಶೀಲದ ದೋಷವೊಂದೇ ಎಂಬ ಜನರ ಮುಂಗಡ ತೀರ್ಮಾನವು ಇಂಥ ಅದಲುಬದಲನ್ನು ಮಾಡುತ್ತದೆ.

ಇದರ ಎದುರಿಗೆ ಬತ್ಷೆಬೆಯ ಕಥೆಯನ್ನು ಇಟ್ಟು ನೋಡಬೇಕು. ದಾವೀದರಸನು ಮಾಳಿಗೆಯ ಮೇಲಿಂದ ಆಕೆ ಮೀಯುವುದನ್ನು ಕಂಡು ಕರೆಸಿಕೊಂಡು, ಆಕೆಯ ಗಂಡ ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಕೊಲ್ಲಿಸಿದನು. ನಾತಾನನೆಂಬ ಪ್ರವಾದಿಯು ಅರಸನೆದುರಿಗೆ ನಿಂತು, ಹಲವು ಹಿಂಡುಗಳಿದ್ದ ಸಿರಿವಂತನು ಬಡವನ ಒಂದೇ ಕುರಿಮರಿಯನ್ನು ಕಸಿದ ಕಥೆಯನ್ನು ಹೇಳಿ, ಆ ಸಿರಿವಂತನು ನೀನೇ ಎಂದನು. ಆ ಕಥೆಯಲ್ಲಿ ಕುರಿಮರಿಯ ತಪ್ಪು ಏನೂ ಇಲ್ಲ. ಗ್ರಂಥವು ಇಷ್ಟು ಸ್ಪಷ್ಟವಾಗಿದ್ದರೂ ಮುಂದಣ ಚಿತ್ರಕಾರರೂ ಕಥೆಗಾರರೂ ಮೀಯುತ್ತಿದ್ದವಳನ್ನೇ ಅರಸನ ಪತನಕ್ಕೆ ಕಾರಣವಾಗಿ ಚಿತ್ರಿಸಿದ್ದುಂಟು. ಮೂಲಕ್ಕಿಂತ ಹಾಡುವವರು ಕಠಿಣರಾಗುವುದು ಹೀಗೆ.

ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಈಡುಮಾಡುವುದು ಮಗ್ದಲದ ಮರಿಯಳ ಚರಿತ್ರೆ. ಸುವಾರ್ತೆಗಳಲ್ಲಿ ಆಕೆ ವ್ಯಭಿಚಾರಿಣಿಯೆಂದು ಎಲ್ಲಿಯೂ ಹೇಳಿಲ್ಲ. ಏಳು ದೆವ್ವಗಳ ಬಾಧೆಯಿಂದ ಬಿಡುಗಡೆ ಹೊಂದಿದವಳು, ತನ್ನ ಸ್ವಂತ ದ್ರವ್ಯದಿಂದ ಯೇಸುವಿನ ಪರಿವಾರಕ್ಕೆ ದಾಸೋಹ ನಡೆಸಿದವರಲ್ಲಿ ಒಬ್ಬಳು, ಶಿಲುಬೆಯ ಬಳಿ ನಿಂತವಳು, ಬರಿದಾದ ಸಮಾಧಿಯನ್ನು ಮೊದಲು ಕಂಡವರಲ್ಲಿ ಒಬ್ಬಳು ಎಂದಿಷ್ಟೇ ಇದೆ. ಲೂಕನ ಸುವಾರ್ತೆಯಲ್ಲಿ ಆಕೆಯ ಹೆಸರು ಬರುವುದಕ್ಕೆ ಸ್ವಲ್ಪ ಮುಂಚೆ, ಕಣ್ಣೀರಿನಿಂದ ಯೇಸುವಿನ ಪಾದ ತೊಳೆದ ಒಬ್ಬ ಪಾಪಿಯಾದ ಹೆಂಗಸಿನ ಪ್ರಸಂಗವಿದೆ, ಅವಳಿಗೆ ಹೆಸರಿಲ್ಲ. ಕ್ರಿ.ಶ. ೫೯೧ರಲ್ಲಿ ರೋಮಿನ ಪೋಪ್ ಒಂದನೆಯ ಗ್ರೆಗರಿ ತನ್ನ ಪ್ರವಚನದಲ್ಲಿ ಆ ಹೆಸರಿಲ್ಲದವಳನ್ನೂ ಈ ಮರಿಯಳನ್ನೂ ಬೆಥಾನಿಯದ ಮರಿಯಳನ್ನೂ ಒಬ್ಬಳೇ ಎಂದು ಸಾರಿದನು. ಅಲ್ಲಿಂದ ಮುಂದೆ ಪಶ್ಚಿಮದ ಕ್ರೈಸ್ತರಿಗೆಲ್ಲ ಆಕೆ ಪಶ್ಚಾತ್ತಾಪಪಟ್ಟ ವೇಶ್ಯೆಯಾದಳು. ಪೂರ್ವದೇಶದ ಕ್ರೈಸ್ತರು ಮಾತ್ರ ಇದನ್ನು ಒಪ್ಪಲಿಲ್ಲ. ರೋಮಿನ ಮಠವು ತನ್ನ ಹಬ್ಬಗಳ ಪಂಚಾಂಗದಲ್ಲಿ ಇದನ್ನು ತಿದ್ದಿದ್ದು ೧೯೬೯ರಲ್ಲಿ. ಆಕೆಯ ದಿನವನ್ನು ಅಪೊಸ್ತಲರ ದಿನಗಳ ಸಮಕ್ಕೆ ಏರಿಸಿದ್ದು ೨೦೧೬ರಲ್ಲಿ. ನಡುವೆ ಸುಮಾರು ಹದಿನಾಲ್ಕು ನೂರು ವರ್ಷಗಳು ಕಳೆದವು. ಆ ಕಾಲದಲ್ಲಿ ಆಕೆಯ ಹೆಸರು ಜಾರಿದವರೆಂದು ಕರೆಸಿಕೊಂಡ ಬಡ ಹುಡುಗಿಯರನ್ನು ಕೂಡಿಹಾಕುವ ಮನೆಗಳಿಗೆ ಸಂದಿತು. ಐರ್ಲೆಂಡ್ ದೇಶದಲ್ಲಿ ಅಂಥ ಹುಡುಗಿಯರಿಂದ ಸಂಬಳವಿಲ್ಲದೆ ಬಟ್ಟೆ ಒಗೆಸುತ್ತಿದ್ದ ಮನೆಗಳಲ್ಲಿ ಕಡೆಯದು ಮುಚ್ಚಿದ್ದು ೧೯೯೬ರಲ್ಲಿ. ಆ ದೇಶದ ಪ್ರಧಾನಿಯು ೨೦೧೩ರಲ್ಲಿ ಶಾಸನಸಭೆಯಲ್ಲಿ ಅವರ ಕ್ಷಮೆ ಬೇಡಿದನು. ಒಂದು ಪ್ರವಚನದ ಮಾತು ಎಷ್ಟು ದೂರ ಹೋಗಿ ಯಾರ ಬೆನ್ನ ಮೇಲೆ ಬೀಳುವುದೆಂಬುದನ್ನು ಪ್ರವಚನಕಾರರು ಮೊದಲೇ ಅರಿಯಲಾರರು.

ಇಷ್ಟರಮಟ್ಟಿಗೆ ಪರರ ಮಾತಾಯಿತು. ಈಗ ಮನೆಯ ಕಡೆಗೆ ತಿರುಗಬೇಕು.

ಗುಂಡಗುರ್ತಿಯ ಸೀಮೆಗೆ ಸಮೀಪದಲ್ಲಿಯೇ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವು ಒಂದು ಕಾಲಕ್ಕೆ ರಾಷ್ಟ್ರಕೂಟ ಚಕ್ರವರ್ತಿಗಳ ಮಾನ್ಯಖೇಟವಾಗಿತ್ತು. ಹತ್ತನೆಯ ಶತಮಾನದಲ್ಲಿ ಅಲ್ಲಿ ನೆಲೆಸಿದ್ದ ಜೈನಕವಿ ಪುಷ್ಪದಂತನು ಅಪಭ್ರಂಶ ಭಾಷೆಯಲ್ಲಿ ಯಶೋಧರನ ಚರಿತ್ರೆಯನ್ನು ಬರೆದನು. ಅದೇ ಕಥೆಯನ್ನು ಕನ್ನಡದಲ್ಲಿ ಜನ್ನನು ೧೨೦೯ರಲ್ಲಿ ಹೇಳಿದನು. ಉಜ್ಜಯಿನಿಯ ರಾಣಿ ಅಮೃತಮತಿಯು ರಾತ್ರಿ ಕಿವಿಗೆ ಬಿದ್ದ ಗಾನಕ್ಕೆ ಮನಸೋತು, ವಿಕಾರರೂಪಿಯಾದ ಮಾವುತನಿಗೆ ಒಲಿದು, ಕಡೆಗೆ ಗಂಡನಿಗೂ ಅತ್ತೆಗೂ ವಿಷವಿಕ್ಕಿದಳು. ಘೋರ ಕೃತ್ಯವೇ ಸರಿ. ಆದರೆ ಆ ಕಾವ್ಯವು ಯಾವ ಧರ್ಮವನ್ನು ಬೋಧಿಸಲು ಹುಟ್ಟಿತು? ಅರಸನು ದುಃಸ್ವಪ್ನದ ಶಾಂತಿಗಾಗಿ ತಾಯಿಯ ಮಾತಿಗೆ ಒಪ್ಪಿ ಹಿಟ್ಟಿನ ಕೋಳಿಯೊಂದನ್ನು ಬಲಿಕೊಟ್ಟನು. ಜೀವವಿಲ್ಲದ ಹಿಟ್ಟಾದರೂ ಕೊಲ್ಲುವ ಸಂಕಲ್ಪ ಇತ್ತಾದುದರಿಂದ ತಾಯಿಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ತೊಳಲಿದರು. ಸಂಕಲ್ಪಹಿಂಸೆಯೇ ಹಿಂಸೆಯೆಂಬ ಸೂಕ್ಷ್ಮವಾದ ತತ್ತ್ವ ಅದರ ಜೀವಾಳ. ಆದರೂ ಕಥೆ ಕೇಳಿದವರಲ್ಲಿ ಬಹುಮಂದಿಯ ನೆನಪಿನಲ್ಲಿ ನಿಲ್ಲುವುದು ಹಿಟ್ಟಿನ ಕೋಳಿಯಲ್ಲ, ಮಾವುತನನ್ನು ಕೂಡಿದ ರಾಣಿ. ಕೇಳುವವನಿಗೆ ತನ್ನ ಸಂಕಲ್ಪವನ್ನು ಶೋಧಿಸಿಕೊಳ್ಳುವುದಕ್ಕಿಂತ ಪರಸ್ತ್ರೀಯ ಶೀಲವನ್ನು ಶೋಧಿಸುವುದು ಸುಲಭವಷ್ಟೆ!

ಇನ್ನು ಶರಣಸಾಹಿತ್ಯದೊಳಗಿನ ಮಾತು. ಬಸವಾದಿ ಪ್ರಮಥರ ಕಾಲಕ್ಕೆ ಸಮೀಪದವನಾದ ಹರಿಹರನು ಪ್ರಭುದೇವರ ರಗಳೆಯನ್ನು ರಚಿಸಿದ್ದಾನೆ. ಅದರಲ್ಲಿ ಅಲ್ಲಮನು ಕಮಲತೆಯೆಂಬವಳಲ್ಲಿ ಅನುರಕ್ತನಾಗುತ್ತಾನೆ. ಆಕೆಯೂ ಅವನಲ್ಲಿ ಅನುರಕ್ತೆ. ಇಬ್ಬರೂ ಕೂಡಿ ಸುಖದಿಂದಿರುವಾಗ ಆಕೆಗೆ ಜ್ವರ ಬಂದು ಆಕೆ ತೀರಿಹೋಗುತ್ತಾಳೆ. ಅಲ್ಲಮನು ದುಃಖದಿಂದ ಮರುಳಾಗಿ ಊರೂರು, ಕಾಡುಮೇಡು ಅಲೆಯುತ್ತಾನೆ. ಹಾಗೆ ಅಲೆಯುವಾಗ ನೆಲದಿಂದ ಮೇಲೆದ್ದ ಕಳಸವೊಂದು ಕಣ್ಣಿಗೆ ಬೀಳುತ್ತದೆ; ಅಗೆಸಿ ನೋಡಿದರೆ ಒಳಗೆ ಗುಡಿ, ಗುಡಿಯೊಳಗೆ ಅನಿಮಿಷಯ್ಯನೆಂಬ ಯೋಗಿ. ಆತನ ಕೈಯ ಲಿಂಗವು ಅಲ್ಲಮನ ಕೈಗೆ ಬರುತ್ತದೆ. ಈ ಕಥೆಯಲ್ಲಿ ಕಮಲತೆ ಯಾವ ಪಾಪವನ್ನೂ ಮಾಡಿದವಳಲ್ಲ, ಯಾರನ್ನೂ ಕೆಡಿಸಿದವಳಲ್ಲ. ಪ್ರೀತಿಸಿದಳು, ಜ್ವರದಿಂದ ಸತ್ತಳು. ಆಕೆಯ ಅಗಲಿಕೆಯ ದುಃಖವೇ ಪ್ರಭುವನ್ನು ಆ ಕಳಸದ ತನಕ ನಡೆಸಿಕೊಂಡು ಹೋಯಿತೆಂದು ಹೇಳಿದರೆ ತಪ್ಪಾಗಲಾರದು.

ಮುಂದೆ ಹದಿನೈದನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದ ಚಾಮರಸನು ಪ್ರಭುಲಿಂಗಲೀಲೆಯನ್ನು ಭಾಮಿನೀಷಟ್ಪದಿಯಲ್ಲಿ ಹಾಡಿದನು. ತಮಿಳಿಗೂ ತೆಲುಗಿಗೂ ಇಳಿದ ಮಹಾಕಾವ್ಯವದು. ಪ್ರಭುವು ಹುಟ್ಟುಸಾವಿಲ್ಲದ ನಿರಂಜನನೆಂಬುದು ಆ ಕವಿಯ ಶ್ರದ್ಧೆ. ಅಂಥವನು ಒಬ್ಬ ಹೆಣ್ಣಿಗಾಗಿ ಅತ್ತನೆಂದು ಹೇಳುವುದಕ್ಕೆ ಅವನ ಭಕ್ತಿ ಒಪ್ಪಲಿಲ್ಲ. ಆದ್ದರಿಂದ ಕಮಲತೆಯು ಮರೆಯಾದಳು. ಆಕೆ ಇದ್ದ ಜಾಗದಲ್ಲಿ ಮಾಯೆ ಬಂದಳು. ಪಾರ್ವತಿಯ ತಾಮಸಕಳೆಯು ಬನವಸೆಯ ಅರಸು ಮಮಕಾರನಿಗೂ ಮೋಹಿನಿಗೂ ಮಗಳಾಗಿ ಹುಟ್ಟಿ, ಪ್ರಭುವನ್ನು ಗೆಲ್ಲಹೊರಟಿತು. ಪ್ರಭುವು ಮದ್ದಳೆಗಾರನ ವೇಷದಲ್ಲಿ ಬಂದು ಆಕೆಯ ಕುಣಿತಕ್ಕೆ ನುಡಿಸಿ, ಕೈಗೆ ಸಿಕ್ಕಿದಂತೆ ತೋರಿ ಸಿಕ್ಕದೆ ಹೋದನು. ಒಬ್ಬಳು ಪ್ರೀತಿಯ ಹೆಂಗಸು ಇನ್ನೂರು ಮುನ್ನೂರು ವರ್ಷಗಳ ಒಳಗೆ ಒಂದು ಬಲೆಯಾಗಿ ಮಾರ್ಪಟ್ಟಳು. ರೋಮಿನಲ್ಲಿ ಮರಿಯಳಿಗೆ ಆದದ್ದಕ್ಕೂ ಇದಕ್ಕೂ ಎಷ್ಟು ಸಾಮ್ಯವಿದೆಯೆಂಬುದನ್ನು ವಾಚಕರು ತಾವೇ ಕಾಣಬಹುದು. ಅಲ್ಲಿ ದಾಸೋಹ ನಡೆಸಿದವಳು ವೇಶ್ಯೆಯಾದಳು, ಇಲ್ಲಿ ಒಲಿದವಳು ಮಾಯೆಯಾದಳು. ಎರಡೂ ಕಡೆ ಹಾಗೆ ಮಾಡಿದವರು ದುಷ್ಟರಲ್ಲ, ಭಕ್ತರೇ. ಗುರುವಿನ ಹಿರಿಮೆಯನ್ನು ಎತ್ತಿಹಿಡಿಯುವ ಅವಸರದಲ್ಲಿ ಪಕ್ಕದಲ್ಲಿದ್ದ ಹೆಂಗಸಿನ ಮೇಲೆ ಕಾಲಿಟ್ಟರು.

ಮಾಯೆಯ ಕಥೆ ರೂಪಕವಲ್ಲವೆ, ಮಮಕಾರ ಮೋಹಿನಿಯರೆಂಬ ಹೆಸರುಗಳಿಂದಲೇ ಅದು ಗೊತ್ತಾಗುವುದಿಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಆ ಆಕ್ಷೇಪದಲ್ಲಿ ಹುರುಳಿದೆ. ಚಾಮರಸನು ಜಾಣನು, ಪಾರ್ವತಿಯ ಸಾತ್ತ್ವಿಕಕಳೆಯೇ ಉಡುತಡಿಯಲ್ಲಿ ಮಹಾದೇವಿಯಾಗಿ ಹುಟ್ಟಿತೆಂದು ಹೇಳಿ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ತೂಗಿದ್ದಾನೆ. ಆದರೆ ರೂಪಕಕ್ಕೆ ರಕ್ತಮಾಂಸ ಬೇಕಾದಾಗಲೆಲ್ಲ ಹೆಣ್ಣಿನ ದೇಹವನ್ನೇ ಏಕೆ ಎರವಲು ತರಬೇಕು? ಪ್ರಭುದೇವರ ಸ್ವಂತ ವಚನಗಳ ಅಭಿಪ್ರಾಯವಾದರೂ ಇದಕ್ಕೆ ವಿರುದ್ಧವಾಗಿದೆ. ಲೋಕದವರು ಮಾಯೆಯೆಂದು ಬೆರಳಿಟ್ಟು ತೋರಿಸುವ ಸಿರಿ, ಸ್ತ್ರೀ, ಭೂಮಿ ಈ ಮೂರರಲ್ಲಿಯೂ ಮಾಯೆಯಿಲ್ಲ, ಅವುಗಳ ಕಡೆಗೆ ಹರಿಯುವ ಚಿತ್ತದ ಹಂಬಲದಲ್ಲಿ ಅದು ಇದೆ ಎಂಬುದು ಆತನ ನಿರ್ಣಯ. ಅದರಂತೆ ನೋಡಿದರೆ ಮಾಯೆಯೆಂಬ ಹೆಸರು ಬನವಸೆಯ ಹುಡುಗಿಗೆ ಸಲ್ಲುವುದಿಲ್ಲ. ಆಕೆಯನ್ನು ನೋಡಿ ಕದಡಿದವನ ಚಿತ್ತಕ್ಕೆ ಸಲ್ಲಬೇಕು. ಗುರುವಿನ ವಚನಕ್ಕೂ ಗುರುವಿನ ಪುರಾಣಕ್ಕೂ ಬಿರುಕು ಕಂಡಾಗ ಯಾವುದನ್ನು ಹಿಡಿಯಬೇಕೆಂಬುದರಲ್ಲಿ ಲಿಂಗವಂತರಿಗೆ ಸಂಶಯವಿರಲಾಗದು.

ಹೆಣ್ಣಿನ ಚಿತ್ತವೇ ಒಂದು ಕ್ಷಣ ಕದಡಿದರೆ? ಅದಕ್ಕೂ ಪುರಾಣವಿದೆ. ಜಮದಗ್ನಿಯ ಪತ್ನಿ ರೇಣುಕೆಯು ನೀರಿನಲ್ಲಿ ವಿಹರಿಸುತ್ತಿದ್ದ ಚಿತ್ರರಥನನ್ನು ಕಂಡು ಕ್ಷಣಮಾತ್ರ ಮನಸ್ಸು ಚಂಚಲವಾದುದಕ್ಕೆ, ಗಂಡನ ಆಜ್ಞೆಯಿಂದ ಮಗನೇ ಆಕೆಯ ಶಿರಸ್ಸನ್ನು ಕಡಿದನು. ಆಮೇಲೆ ವರಬಲದಿಂದ ಮರಳಿ ಬದುಕಿದಳು. ಭಾರತದಲ್ಲಿ ಕಥೆ ಅಲ್ಲಿಗೆ ತೀರುತ್ತದೆ. ಈ ನಾಡಿನ ಜನ ಮಾತ್ರ ಅಲ್ಲಿಗೆ ಬಿಡಲಿಲ್ಲ. ತಲೆ ಕಡಿಸಿಕೊಂಡವಳನ್ನೇ ಎಲ್ಲಮ್ಮನೆಂದು ಕರೆದು, ಸವದತ್ತಿಯಲ್ಲಿಯೂ ಚಿತ್ತಾಪುರದ ಮಗ್ಗುಲಿನ ನಾಗಾವಿಯಲ್ಲಿಯೂ ತಾಯಿಯಾಗಿ ನಿಲ್ಲಿಸಿ ಕೈಮುಗಿದರು; ಕಡಿಸಿದವನಿಗೆ ಅಂಥ ಜಾತ್ರೆಗಳಿಲ್ಲ. ಇದು ಜನಪದದ ತೀರ್ಪು, ಒಳ್ಳೆಯ ತೀರ್ಪು. ಆದರೆ ಅದರ ಬೆನ್ನಿಗೇ ಮತ್ತೊಂದು ಅನ್ಯಾಯವೂ ಬೆಳೆಯಿತು. ಬಡವರ ಮನೆಯ ಹೆಣ್ಣುಕೂಸುಗಳಿಗೆ ಆ ತಾಯಿಯ ಹೆಸರಿನಲ್ಲಿ ಮುತ್ತು ಕಟ್ಟಿ, ಊರ ಉಳ್ಳವರಿಗೆ ಬಿಟ್ಟು, ಬಳಿಕ ಅದೇ ಊರವರು ಅವರನ್ನು ಬೈಗುಳದ ಹೆಸರಿನಿಂದ ಕರೆದರು. ಕರ್ನಾಟಕದಲ್ಲಿ ಇದನ್ನು ನಿಷೇಧಿಸುವ ಕಾನೂನು ೧೯೮೨ರಲ್ಲಿ ಆಯಿತು. ಕಾನೂನು ಮುತ್ತನ್ನು ಕಟ್ಟದಂತೆ ತಡೆಯಬಹುದು. ಆ ತಾಯಂದಿರ ಮಕ್ಕಳು ಮದುವೆಯ ಪಂಕ್ತಿಗೆ ಬಂದಾಗ ಪಕ್ಕದವನು ಎಲೆ ಬಿಟ್ಟೇಳದಂತೆ ತಡೆಯಲಾರದು. ಅದು ಸದ್ಗೃಹಸ್ಥರ ಕೈಯಲ್ಲಿದೆ.

ಈ ಸಂದರ್ಭದಲ್ಲಿಯೇ ಶರಣೆ ಸಂಕವ್ವೆಯನ್ನು ನೆನೆಯಬೇಕು. ಆಕೆಯದೆಂದು ಉಳಿದುಬಂದಿರುವುದು ಒಂದೇ ಒಂದು ವಚನ. ಹೆಸರಿನ ಹಿಂದೆ ಸೂಳೆ ಎಂಬ ಮಾತು ಹತ್ತಿಕೊಂಡೇ ಬಂದಿದೆ. ವಚನಸಂಪುಟಗಳಲ್ಲಿಯೂ ಹಾಗೆಯೇ ಅಚ್ಚಾಗಿದೆ. ಬೈಬಲ್ಲಿನಲ್ಲಿ ರಾಹಾಬಳೆಂಬ ಯೆರಿಕೋ ಪಟ್ಟಣದ ವೇಶ್ಯೆ ಎರಡು ಜೀವಗಳನ್ನು ಅಡಗಿಸಿ ಕಾಪಾಡಿ, ವಿಶ್ವಾಸಿಗಳ ಪಟ್ಟಿಗೆ ಸೇರಿದಳು. ಮತ್ತಾಯನು ಕೊಡುವ ಯೇಸುವಿನ ವಂಶಾವಳಿಯಲ್ಲಿಯೂ ಆಕೆಯ ಹೆಸರಿದೆ. ಆದರೂ ಇಬ್ರಿಯರಿಗೆ ಬರೆದ ಪತ್ರದಲ್ಲಿಯೂ ಯಾಕೋಬನ ಪತ್ರದಲ್ಲಿಯೂ ಆಕೆಯನ್ನು ಹೊಗಳುವ ಮಾತಿನೊಳಗೇ ಸೂಳೆಯಾದ ರಾಹಾಬಳೆಂದು ಬರೆದರು. ಮರಣದಿಂದಲೂ ಪುಣ್ಯದಿಂದಲೂ ಕಳಚದ ಹೆಸರದು. ಬೇಟೆಗಾರನಾಗಿದ್ದವನು, ಕಳ್ಳನಾಗಿದ್ದವನು ಶರಣನಾದಮೇಲೆ ಹಳೆಯ ಕಸಬಿನ ಹೆಸರು ಗೌರವದ ಬಿರುದಿನಂತೆ ಕೇಳಿಸುವುದು. ಹೆಣ್ಣಿನ ವಿಷಯದಲ್ಲಿ ಹಾಗೆ ಕೇಳಿಸುವುದಿಲ್ಲ.

ಆದರೆ ಸಂಕವ್ವೆಗೂ ರಾಹಾಬಳಿಗೂ ಒಂದು ದೊಡ್ಡ ಅಂತರವಿದೆ. ರಾಹಾಬಳ ಕಥೆಯನ್ನು ಬೇರೆಯವರು ಹೇಳಿದರು. ಸಂಕವ್ವೆ ತಾನೇ ನುಡಿದಳು. ಒಬ್ಬನಿಂದ ಒತ್ತೆಯ ಹಣ ಹಿಡಿದ ಮೇಲೆ ಇನ್ನೊಬ್ಬನಿಂದ ಹಿಡಿಯೆನೆಂಬುದು, ವ್ರತವಿಲ್ಲದವನೆಂದು ತಿಳಿದೂ ಅವನೊಡನೆ ಬೆರೆಯೆನೆಂಬುದು ಆಕೆಯ ವಚನದ ತಾತ್ಪರ್ಯ. ತಪ್ಪಿದರೆ ತನ್ನ ಅಂಗಾಂಗಗಳಿಗೆ ಒದಗುವ ಕ್ರೂರ ಶಿಕ್ಷೆಗಳನ್ನೂ ಆಕೆ ಒಂದೊಂದಾಗಿ ಹೇಳುತ್ತಾಳೆ. ಶಿಕ್ಷೆಯೆಲ್ಲ ಹೆಣ್ಣಿನ ಮೈಗೆ. ಬಂದುಹೋಗುವ ಗಂಡಸಿನ ಶಿಕ್ಷೆಯ ಮಾತು ಅದರಲ್ಲಿಲ್ಲ. ದೂರು ಹೇಳುವ ದನಿಯೂ ಅಲ್ಲ. ತನ್ನ ಕಾಯಕದ ಕಟ್ಟಳೆಯನ್ನು ಭಕ್ತೆಯು ಏಕನಿಷ್ಠೆಯ ವ್ರತಕ್ಕೆ ತಿರುಗಿಸಿಕೊಂಡ ದನಿ. ಇನ್ನು ಆಕೆಯ ಅಂಕಿತವಾದರೂ ಯಾವುದು? ನಿರ್ಲಜ್ಜೇಶ್ವರ. ಊರೆಲ್ಲ ಯಾವ ಮಾತಿನಿಂದ ಆಕೆಯನ್ನು ಹೊಡೆದಿರಬಹುದೋ ಆ ಮಾತನ್ನೇ ಎತ್ತಿ ತನ್ನ ದೇವರಿಗೆ ಹೆಸರಾಗಿ ಇಟ್ಟಳು. ಲಜ್ಜೆಯಿಲ್ಲದವಳೆಂದು ಇನ್ನು ಬಯ್ಯುವವರು ಮೊದಲು ಆ ದೇವರ ಹೆಸರನ್ನು ಉಚ್ಚರಿಸಬೇಕಾಯಿತು.

ಅಕ್ಕಮಹಾದೇವಿಯ ಪರೀಕ್ಷೆಯನ್ನೂ ಇದೇ ಬೆಳಕಿನಲ್ಲಿ ನೋಡಬಹುದು. ಕೌಶಿಕನ ಅರಮನೆ ತೊರೆದು, ಕೇಶವನ್ನೇ ಹೊದ್ದು ಕಲ್ಯಾಣಕ್ಕೆ ಬಂದ ಹೆಂಗಸು ಲೋಕದ ಕಣ್ಣಿಗೆ ಅಪಕೀರ್ತಿಯ ಹೆಂಗಸೇ. ಶೂನ್ಯಸಂಪಾದನೆಯಲ್ಲಿ ಪ್ರಭುದೇವನು ಆಕೆಯನ್ನು ಮೃದುವಾಗಿ ಬರಮಾಡಿಕೊಳ್ಳುವುದಿಲ್ಲ. ನಿನ್ನ ಪತಿ ಯಾರು, ದೇಹಭಾವ ಅಳಿದಿದ್ದರೆ ಕೂದಲ ಮರೆಯೇಕೆ ಎಂಬರ್ಥದಲ್ಲಿ ನೇರವಾಗಿಯೇ ಕೇಳುತ್ತಾನೆ. ತನ್ನ ನಾಚಿಕೆಗಾಗಿ ಅಲ್ಲ, ನೋಡುವವರಿಗೆ ಬಾಧೆಯಾಗಬಾರದೆಂದು ಮರೆ ಎಂಬ ಭಾವದ ಉತ್ತರ ಆಕೆಯಿಂದ ಬರುತ್ತದೆ. ಪ್ರಶ್ನೆ ಕಠಿಣವಾಗಿತ್ತು, ಆದರೆ ಅದನ್ನು ಆಕೆಯ ಎದುರಿಗೆ ಕೇಳಲಾಯಿತು, ಉತ್ತರ ಕೊಡುವುದಕ್ಕೆ ಅವಕಾಶವಿತ್ತು, ಉತ್ತರವನ್ನು ಒಪ್ಪಿ ತಲೆಬಾಗುವಷ್ಟು ಸಭೆಗೆ ಸತ್ತ್ವವಿತ್ತು. ಯೋಹಾನನ ಸುವಾರ್ತೆಯಲ್ಲಿ ವ್ಯಭಿಚಾರದಲ್ಲಿ ಸಿಕ್ಕಿಬಿದ್ದಳೆಂದು ಒಬ್ಬ ಹೆಂಗಸನ್ನು ಯೇಸುವಿನ ಮುಂದೆ ಎಳೆದು ತಂದ ಪ್ರಸಂಗವೊಂದಿದೆ. ಬಹು ಹಳೆಯ ಪ್ರತಿಗಳಲ್ಲಿ ಅದು ಇಲ್ಲವೆಂದು ವಿದ್ವಾಂಸರು ಹೇಳುತ್ತಾರೆ. ಆದರೂ ಅದನ್ನು ಬಿಡಲು ಕ್ರೈಸ್ತರ ಹೃದಯ ಒಪ್ಪಲಿಲ್ಲ. ಪಾಪವಿಲ್ಲದವನು ಮೊದಲ ಕಲ್ಲೆಸೆಯಲಿ ಎಂಬರ್ಥದ ಮಾತು ಕೇಳಿ ಎಲ್ಲರೂ ಒಬ್ಬೊಬ್ಬರಾಗಿ ಜಾರಿದರೆಂಬುದು ಪ್ರಸಿದ್ಧ. ಮೋಶೆಯ ಧರ್ಮಶಾಸ್ತ್ರದಲ್ಲಿ ಶಿಕ್ಷೆ ಇಬ್ಬರಿಗೂ ಸಮನಾಗಿ ಹೇಳಿದೆ. ಸಿಕ್ಕಿಬಿದ್ದಾಗ ಜೊತೆಯಲ್ಲಿ ಇದ್ದೇ ತೀರಬೇಕಾದ ಗಂಡಸನ್ನು ಮಾತ್ರ ಯಾರೂ ಎಳೆದು ತಂದಿರಲಿಲ್ಲ.

ಇದರಿಂದ ಪಾಪವು ಪಾಪವಲ್ಲವೆಂದು ಯಾರೂ ಭಾವಿಸಲಾಗದು. ನಾಬೋತನ ರಕ್ತ ರಕ್ತವೇ; ಯಶೋಧರನ ಬಟ್ಟಲಿನ ವಿಷ ವಿಷವೇ. ಹೆಂಗಸು ಮಾಡಿದಳೆಂಬ ಕಾರಣಕ್ಕೆ ಅದು ಹೆಚ್ಚೂ ಆಗದು, ಕಡಮೆಯೂ ಆಗದು. ಆತ್ಮಕ್ಕೆ ಗಂಡುಹೆಣ್ಣೆಂಬ ಭೇದವಿಲ್ಲವೆಂದು ಶರಣರು ಹೇಳಿದ ಮೇಲೆ, ದೋಷವನ್ನು ತೂಗುವ ತಕ್ಕಡಿಗೂ ಆ ಭೇದ ಇರಬಾರದೆಂಬುದು ತಾನಾಗಿಯೇ ಬರುವ ಮಾತು. ಊರಿನಲ್ಲಿ ಒಬ್ಬ ಹೆಂಗಸಿನ ಮೇಲೆ ಮಾತು ಹುಟ್ಟಿದಾಗ ಸದ್ಗೃಹಸ್ಥನು ಆ ತಕ್ಕಡಿಯನ್ನು ಕೈಯಲ್ಲಿ ಹಿಡಿದಿದ್ದಾನೋ, ಇಲ್ಲವೋ? ಕಟ್ಟೆಯ ಮೇಲೆ ಕುಳಿತು ಕೇಳಿದ್ದನ್ನು ಮನೆಗೆ ತಂದು ಹೆಂಡತಿಮಕ್ಕಳ ಮುಂದೆ ಆಡುವಾಗ, ಆಕೆಯನ್ನು ಎದುರಿಗೆ ಕೂರಿಸಿ ಕೇಳಿದವರು ಯಾರಾದರೂ ಉಂಟೆ ಎಂದು ಒಮ್ಮೆಯಾದರೂ ವಿಚಾರಿಸುತ್ತಾನೋ?

ಪುರಾಣ ಹೇಳುವ ಪೂಜ್ಯರಿಗೆ ಇದರಲ್ಲಿ ಹೆಚ್ಚಿನ ಪಾಲಿದೆ. ಪ್ರಭುಲಿಂಗಲೀಲೆಯನ್ನು ಬಿಡಬ��ಕಾಗಿಲ್ಲ; ಬಿಡುವುದು ಸಾಧ್ಯವೂ ಅಲ್ಲ, ಅದರ ಸೊಗಸು ಅಂಥದು. ಆದರೆ ಹರಿಹರನ ರಗಳೆ ಬಹು ದೊಡ್ಡ ಗ್ರಂಥವೇನಲ್ಲ. ಮಾಯೆಯ ಗತಿಗಳನ್ನು ಓದಿ ಮುಗಿಸಿದ ರಾತ್ರಿ, ಮಂಗಳ ಹಾಡುವುದಕ್ಕೆ ಮುಂಚೆ, ಕಮಲತೆಗೆ ಜ್ವರ ಬಂದದ್ದನ್ನೂ ಪ್ರಭುವು ಅತ್ತದ್ದನ್ನೂ ಓದಿ ಅರ್ಥ ಹೇಳುವುದಕ್ಕೆ ಅರ್ಧ ತಾಸಿಗಿಂತ ಹೆಚ್ಚು ವೇಳೆ ಹಿಡಿಯದು.